ಎರಡು ಯಂತ್ರಗಳ ನಡುವೆ ಒಬ್ಬ ತರ್ಜುಮಾನ: ‘ಸಾಂಬಾ’ದ ಚರಿತ್ರೆ



ತಮ್ಮ ಊರಿನ ಯಾವುದಾದರೂ ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಒಂದು ಸಾಲಿನಲ್ಲಿ ವಿಂಡೋಸ್ ಇರುವ ಯಂತ್ರಗಳು, ದಾನಿಗಳು ಕೊಟ್ಟ ಹಳೆಯ ಯಂತ್ರಗಳಲ್ಲಿ ಉಚಿತವಾಗಿ ದೊರೆಯುವ ಲಿನಕ್ಸ್, ಕಚೇರಿಯಲ್ಲಿ ಮತ್ತೊಂದು ಬಗೆಯದು. ಪ್ರಿಂಟರ್ ಮಾತ್ರ ಇಡೀ ಶಾಲೆಗೆ ಒಂದೇ. ಪ್ರಶ್ನೆಪತ್ರಿಕೆಯನ್ನು ಒಂದು ಕೊಠಡಿಯಲ್ಲಿ ಟೈಪ್ ಮಾಡಿ ಇನ್ನೊಂದು ಕೊಠಡಿಯಲ್ಲಿ ಮುದ್ರಿಸುವುದು ಇಂದು ಯಾರಿಗೂ ಸೋಜಿಗವೆನಿಸುವುದಿಲ್ಲ. ಆದರೆ ಭಿನ್ನ ಜಾತಿಯ ಯಂತ್ರಗಳು ಹೀಗೆ ಪರಸ್ಪರ ಮಾತನಾಡುವಂತಾದದ್ದು ತಾನಾಗಿಯೇ ಅಲ್ಲ. ಅದರ ಹಿಂದೆ ಮೂರು ದಶಕಗಳಿಗೂ ಮೀರಿದ ಪರಿಶ್ರಮದ ಚರಿತ್ರೆಯಿದೆ. ರಾಜರ, ಯುದ್ಧಗಳ ಚರಿತ್ರೆಯನ್ನು ಓದುವ ನಾವು ಇಂತಹ ಚರಿತ್ರೆಯನ್ನೂ ಅರಿತಿರಬೇಕು.

ಒಂಬತ್ತನೆಯ ಶತಮಾನದ ಬಗ್ದಾದ್ ನಗರದಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ವಿದ್ವಾಂಸರಿದ್ದರು. ಧರ್ಮದಿಂದ ಕ್ರೈಸ್ತರಾದ ಅವರು ಗ್ರೀಕ್ ವೈದ್ಯ ಗ್ಯಾಲೆನ್‌ನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬೀ ಭಾಷೆಗಳಿಗೆ ತಂದರು. ಗ್ರೀಕ್ ಬಾರದ ಅರಬ್ ವೈದ್ಯನಿಗೂ ಆ ಜ್ಞಾನ ದಕ್ಕಿತು. ಇಂತಹವರನ್ನು ನಾವು ‘ತರ್ಜುಮಾನ’ ಎನ್ನುತ್ತೇವೆ, ಕನ್ನಡದಲ್ಲಿ ದುಭಾಷಿ. ಕಂಪ್ಯೂಟರ್ ಲೋಕದಲ್ಲಿ ಇದೇ ಕೆಲಸ ಮಾಡಿದ ತಂತ್ರಾಂಶದ ಹೆಸರು ‘ಸಾಂಬಾ’. ಅದರ ಕಥೆಯನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ತಂತಿ ಇದ್ದರೆ ಸಾಲದು

ಎರಡು ಯಂತ್ರಗಳ ನಡುವೆ ತಂತಿ ಎಳೆದರೆ ಸಂಪರ್ಕ ಉಂಟಾಗುತ್ತದೆ, ಸಂಭಾಷಣೆ ಉಂಟಾಗುವುದಿಲ್ಲ. ಫೋನ್ ಸಂಪರ್ಕ ಸಿಕ್ಕಿದರೂ ಆ ಕಡೆಯವರ ಭಾಷೆ ಬಾರದಿದ್ದರೆ ಏನು ಪ್ರಯೋಜನ? ಯಂತ್ರಗಳ ಮಾತುಕತೆಗೆ ಇರುವ ಕಟ್ಟಳೆಯನ್ನು ‘ಪ್ರೋಟೋಕಾಲ್’ ಎನ್ನುತ್ತಾರೆ. ನಾನು ಇಂಥವನು, ಇದು ನನ್ನ ಗುಪ್ತಪದ, ಇಂಥ ಫೈಲನ್ನು ತೆರೆದು ಕೊಡು, ಇಷ್ಟು ಅಕ್ಷರ ಓದಿಸು, ಇನ್ನು ಮುಚ್ಚು - ಈ ಒಂದೊಂದು ಮಾತಿಗೂ ಗೊತ್ತುಪಡಿಸಿದ ರೂಪವಿರುತ್ತದೆ.

ಒಂದೊಂದು ಕಾರ್ಯಾಚರಣೆ ವ್ಯವಸ್ಥೆಯ ಸಂಪ್ರದಾಯ ಒಂದೊಂದು ಬಗೆ. ಯುನಿಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳು ಬೇರೆ ಬೇರೆಯಾದರೆ ಎರಡು ಪ್ರತ್ಯೇಕ ಫೈಲುಗಳು. ವಿಂಡೋಸ್‌ಗೆ ಎರಡೂ ಒಂದೇ. ಹಳೆಯ ಡಾಸ್‌ನಲ್ಲಿ ಫೈಲಿನ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ ಮಾತ್ರ. ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅನುಮತಿಯ ಲೆಕ್ಕವೂ ಬೇರೆ ಬೇರೆ. ಇವುಗಳನ್ನೆಲ್ಲ ಸರಿದೂಗಿಸುವವನೇ ನಿಜವಾದ ದುಭಾಷಿ.

ಐಬಿಎಂನಲ್ಲಿ ಹುಟ್ಟಿದ ಭಾಷೆ

1980ರ ದಶಕದ ಮೊದಲ ಭಾಗದಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ಎಂಬ ಎಂಜಿನಿಯರ್, ಸಣ್ಣ ಕಂಪ್ಯೂಟರುಗಳು ದೂರದ ಯಂತ್ರದ ಡಿಸ್ಕನ್ನು ತಮ್ಮದೇ ಎಂಬಂತೆ ಬಳಸುವ ಪ್ರೋಟೋಕಾಲ್ ಒಂದನ್ನು ರೂಪಿಸಿದರು. ಮೊದಲು ಅದಕ್ಕೆ ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಇಟ್ಟಿದ್ದರು. ಮುಂದೆ ಅದು ‘ಸರ್ವರ್ ಮೆಸೇಜ್ ಬ್ಲಾಕ್’, ಅಂದರೆ ಎಸ್‌ಎಂಬಿ ಎಂದು ಹೆಸರಾಯಿತು. ಮೈಕ್ರೋಸಾಫ್ಟ್ ಅದನ್ನು ತನ್ನ ‘ಲ್ಯಾನ್ ಮ್ಯಾನೇಜರ್’ನಲ್ಲಿ ಅಳವಡಿಸಿ ಬೆಳೆಸಿತು. ಅತ್ತ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ಯುನಿಕ್ಸ್ ಯಂತ್ರಗಳಿಗಾಗಿ ‘ಎನ್‌ಎಫ್‌ಎಸ್’ ಎಂಬ ಬೇರೆಯದೇ ಪ್ರೋಟೋಕಾಲನ್ನು ತಂದಿತು. ನೋವೆಲ್ ಸಂಸ್ಥೆಯ ನೆಟ್‌ವೇರ್‌ನದು ಮತ್ತೊಂದು ದಾರಿ. ಹೀಗೆ ಒಂದೇ ಕಟ್ಟಡದ ಯಂತ್ರಗಳು ಬೇರೆ ಬೇರೆ ಕೇರಿಗಳಾಗಿ ಹಂಚಿಹೋದವು.

ಕ್ಯಾನ್‌ಬೆರಾದ ವಿದ್ಯಾರ್ಥಿ

1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದ ಆಸ್ಟ್ರೇಲಿಯನ್ ನ್ಯಾಷನಲ್ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿ ಇದ್ದರು. ಅವರು ಡಿಜಿಟಲ್ ಸಂಸ್ಥೆಯ ಒಂದು ತಂತ್ರಾಂಶವನ್ನು ತಮ್ಮ ಡಾಸ್ ಯಂತ್ರದಲ್ಲಿ ಪರೀಕ್ಷಿಸಬೇಕಿತ್ತು. ಅದು ನಡೆಯಲು ಅದೇ ಸಂಸ್ಥೆಯ ‘ಪಾತ್‌ವರ್ಕ್ಸ್’ ಬೇಕು. ಪಾತ್‌ವರ್ಕ್ಸ್ ಆದರೋ ಡಿಜಿಟಲ್ ಸಂಸ್ಥೆಯ ಸರ್ವರುಗಳೊಂದಿಗೆ ಮಾತ್ರ ಮಾತನಾಡುತ್ತಿತ್ತು. ಅಲ್ಲಿಯವರೆಗೆ ಅವರು ಬಳಸುತ್ತಿದ್ದ ಸನ್ ಯಂತ್ರಗಳ ಡಿಸ್ಕ್ ಕೈತಪ್ಪಿಹೋಯಿತು.

ಬೇರೆಯವರಾಗಿದ್ದರೆ ಎರಡರಲ್ಲಿ ಒಂದನ್ನು ಬಿಟ್ಟು ಸುಮ್ಮನಾಗುತ್ತಿದ್ದರು. ಟ್ರಿಜೆಲ್ ಹಾಗೆ ಮಾಡಲಿಲ್ಲ. ಎರಡು ಯಂತ್ರಗಳ ನಡುವೆ ತಂತಿಯಲ್ಲಿ ಹರಿಯುವ ಸಂದೇಶಗಳನ್ನು ಹಿಡಿದು ನೋಡುತ್ತಾ ಹೋದರು. ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆ ಎಂಬುದನ್ನು ಗುರುತಿಸಿ, ಅದೇ ಉತ್ತರ ಕೊಡುವ ಪ್ರೋಗ್ರಾಮನ್ನು ಕೆಲವೇ ದಿನಗಳಲ್ಲಿ ಬರೆದರು. 1992ರ ಜನವರಿಯಲ್ಲಿ ಅದನ್ನು ಉಚಿತವಾಗಿ ಹಂಚಿದರು. ಆ ಭಾಷೆಯ ಹೆಸರು ಎಸ್‌ಎಂಬಿ ಎಂಬುದೂ ಆಗ ಅವರಿಗೆ ಗೊತ್ತಿರಲಿಲ್ಲ!

ಕೆಲಕಾಲ ಅದು ಮೂಲೆಗೆ ಬಿದ್ದಿತ್ತು. ಮುಂದೆ ತಮ್ಮ ಮನೆಯ ಲಿನಕ್ಸ್ ಯಂತ್ರವನ್ನು ಪತ್ನಿಯ ವಿಂಡೋಸ್ ಯಂತ್ರದೊಂದಿಗೆ ಜೋಡಿಸಲು ಹೊರಟಾಗ, ಹಳೆಯ ಪ್ರೋಗ್ರಾಮ್ ಅಲ್ಲಿಯೂ ಕೆಲಸ ಮಾಡುವುದು ಕಂಡುಬಂದಿತು. 1993ರ ಕೊನೆಗೆ ಕೆಲಸ ಮತ್ತೆ ಆರಂಭವಾಯಿತು. ಅದಕ್ಕಿಟ್ಟಿದ್ದ ಹೆಸರು ಬೇರೊಂದು ಕಂಪನಿಯ ಸೊತ್ತಾಗಿದ್ದುದರಿಂದ 1994ರಲ್ಲಿ ಹೊಸ ಹೆಸರು ಬೇಕಾಯಿತು. ಟ್ರಿಜೆಲ್ ಕಂಪ್ಯೂಟರಿನ ಶಬ್ದಪಟ್ಟಿಯಲ್ಲಿ ಎಸ್, ಎಂ, ಬಿ ಈ ಮೂರು ಅಕ್ಷರಗಳು ಅನುಕ್ರಮವಾಗಿ ಬರುವ ಪದಗಳನ್ನು ಹುಡುಕಿದರು. ಸಿಕ್ಕ ಬೆರಳೆಣಿಕೆಯ ಪದಗಳಲ್ಲಿ ಬ್ರೆಜಿಲ್ ದೇಶದ ನೃತ್ಯದ ಹೆಸರಾದ ‘ಸಾಂಬಾ’ ಒಂದು. ಅದೇ ನಿಂತಿತು. ಹಣ ಕೊಡಬಯಸುವವರು ಬೇಕಾದರೆ ಪಿಜ್ಜಾ ಕಳುಹಿಸಲಿ ಎಂದು ಅವರು ತಂತ್ರಾಂಶದ ಜೊತೆಗಿನ ಕೈಪಿಡಿಯಲ್ಲಿ ಬರೆದಿದ್ದರು. ದೂರದೂರದ ಬಳಕೆದಾರರು ನಿಜವಾಗಿಯೂ ಕಳುಹಿಸಿದರು.

ಕಿವಿಗೊಟ್ಟು ಕಲಿತ ಭಾಷೆ

ತಮ್ಮ ವಿಧಾನವನ್ನು ಟ್ರಿಜೆಲ್ ಒಂದು ಹೋಲಿಕೆಯ ಮೂಲಕ ವಿವರಿಸಿದ್ದಾರೆ. ಫ್ರೆಂಚ್ ಬಾರದವನೊಬ್ಬ ಫ್ರಾನ್ಸಿನ ಹೋಟೆಲಿನಲ್ಲಿ ಕುಳಿತು, ಗಿರಾಕಿ ಏನು ಹೇಳಿದಾಗ ಮಾಣಿ ಏನು ತಂದ ಎಂಬುದನ್ನು ಗಮನಿಸುತ್ತಾ ಭಾಷೆ ಕಲಿತಂತೆ. ಭಾಷಾ ಶಿಕ್ಷಕರಾದ ನಮಗೆ ಇದು ಚೆನ್ನಾಗಿ ಅರ್ಥವಾಗುವ ಮಾತು. ಮನೆಯಲ್ಲಿ ದಖ್ಖನಿ ಆಡುವ ಮಗು ಬೀದಿಯಲ್ಲಿ ಕನ್ನಡ ಕಲಿಯುವುದೂ ಹೀಗೆಯೇ ಅಲ್ಲವೇ? ಯಾರ ಪುಸ್ತಕವನ್ನೂ ಕದಿಯದೆ, ಯಾರ ಪ್ರೋಗ್ರಾಮನ್ನೂ ನಕಲು ಮಾಡದೆ, ಕೇವಲ ಕೇಳಿ ಕಲಿತ ಭಾಷೆ ಇದು.

ಆದರೆ ಭಾಷೆ ನಿಂತಲ್ಲಿ ನಿಲ್ಲಲಿಲ್ಲ. ವಿಂಡೋಸ್‌ನ ಪ್ರತಿ ಹೊಸ ಆವೃತ್ತಿಯೂ ಹೊಸ ಮಾತುಗಳನ್ನು ಸೇರಿಸುತ್ತಿತ್ತು. 1997ರಲ್ಲಿ ವಿಂಡೋಸ್ ಎನ್‌ಟಿಗೆ ಬಂದ ಪರಿಷ್ಕರಣೆಯೊಂದು ಗುಪ್ತಪದವನ್ನು ಬಯಲಾಗಿ ಕಳುಹಿಸುವುದನ್ನು ನಿಲ್ಲಿಸಿತು. ಭದ್ರತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಬಯಲು ಗುಪ್ತಪದವನ್ನೇ ನೆಚ್ಚಿದ್ದ ಸಾಂಬಾ ಸರ್ವರುಗಳನ್ನೆಲ್ಲ ಹೊಸ ಕ್ರಮಕ್ಕೆ ಹೊಂದಿಸಬೇಕಾಯಿತು. ಜೆರೆಮಿ ಆಲಿಸನ್, ಜರ್ಮನಿಯ ಫೋಲ್ಕರ್ ಲೆಂಡೆಕೆ ಮುಂತಾದವರು ಕೈಗೂಡಿಸಿದ್ದರಿಂದ ಕೆಲಸ ಮುಂದುವರಿಯಿತು.

ಪ್ರಿಂಟರಿನ ಪಾಲು

ಫೈಲಿನಷ್ಟೇ ಮುಖ್ಯವಾದದ್ದು ಪ್ರಿಂಟರ್. ವಿಂಡೋಸ್ ಯಂತ್ರದಲ್ಲಿ ಮುದ್ರಣದ ಆಜ್ಞೆ ಕೊಟ್ಟಾಗ ಅಲ್ಲಿನ ‘ಡ್ರೈವರ್’ ಎಂಬ ತಂತ್ರಾಂಶ ಪುಟವನ್ನು ಪ್ರಿಂಟರಿಗೆ ತಿಳಿಯುವ ಭಾಷೆಗೆ ಬದಲಿಸುತ್ತದೆ. ಸಾಂಬಾ ಅದನ್ನು ಒಂದು ಫೈಲಿನಂತೆಯೇ ಸ್ವೀಕರಿಸಿ, ಸರದಿಯಲ್ಲಿ ಇಟ್ಟು, ಲಿನಕ್ಸ್‌ನ ಮುದ್ರಣ ವ್ಯವಸ್ಥೆಗೆ ಒಪ್ಪಿಸುತ್ತದೆ. 2001ರ 2.2ನೇ ಆವೃತ್ತಿಯಿಂದ ಆ ಡ್ರೈವರನ್ನು ಸಹ ಸಾಂಬಾ ಸರ್ವರಿನಿಂದಲೇ ವಿಂಡೋಸ್ ಯಂತ್ರಗಳು ಪಡೆಯುವಂತಾಯಿತು. ಪ್ರತಿ ಯಂತ್ರಕ್ಕೂ ಸಿ.ಡಿ. ಹಿಡಿದು ಓಡಾಡುವ ಕಷ್ಟ ತಪ್ಪಿತು.

ಲಿನಕ್ಸ್ ಬದಿಯ ಕೆಲಸವನ್ನು ಹಗುರಗೊಳಿಸಿದ್ದು ಮೈಕೆಲ್ ಸ್ವೀಟ್ ಅವರು ರೂಪಿಸಿ 1999ರಲ್ಲಿ ಹೊರತಂದ ‘ಕಪ್ಸ್’ ಎಂಬ ವ್ಯವಸ್ಥೆ. ಆಪಲ್ ಸಂಸ್ಥೆ 2002ರಲ್ಲಿ ಇದನ್ನು ತನ್ನ ಮ್ಯಾಕ್ ಯಂತ್ರಗಳಿಗೂ ಅಳವಡಿಸಿಕೊಂಡಿತು. ಇಂದು ಡ್ರೈವರೇ ಬೇಡದೆ, ಎಲ್ಲರಿಗೂ ತೆರೆದಿರುವ ‘ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್’ ಮೂಲಕ ಮೊಬೈಲಿನಿಂದಲೂ ಮುದ್ರಿಸಬಹುದಾಗಿದೆ. ಕಟ್ಟಳೆ ಎಲ್ಲರಿಗೂ ತಿಳಿದಿದ್ದರೆ ದುಭಾಷಿಯ ಕೆಲಸ ಎಷ್ಟು ಸುಲಭ ಎಂಬುದಕ್ಕೆ ಇದೇ ಸಾಕ್ಷಿ.

ಭಾಷೆಯ ಒಡೆಯ ಯಾರು?

ಓದುಗರೇ, ಈಗ ಈ ಚರಿತ್ರೆಯ ಮುಖ್ಯ ಪ್ರಶ್ನೆಗೆ ಬರೋಣ. ಒಂದು ಯಂತ್ರವನ್ನು ಮಾರಿದವನು ಅದರ ಭಾಷೆಯನ್ನು ಗುಟ್ಟಾಗಿಡಬಹುದೇ? ಗುಟ್ಟಾಗಿಟ್ಟರೆ ಅದರೊಂದಿಗೆ ಮಾತನಾಡಬೇಕಾದ ಮಿಕ್ಕ ಯಂತ್ರಗಳನ್ನೂ ಅವನಿಂದಲೇ ಕೊಳ್ಳಬೇಕಾಗುತ್ತದೆ.

1998ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇದೇ ವಿಷಯವಾಗಿ ಐರೋಪ್ಯ ಆಯೋಗಕ್ಕೆ ದೂರು ಕೊಟ್ಟಿತು. ಆಯೋಗ 2004ರ ಮಾರ್ಚ್‌ನಲ್ಲಿ ತೀರ್ಪು ನೀಡಿ ಮೈಕ್ರೋಸಾಫ್ಟ್‌ಗೆ 497 ದಶಲಕ್ಷ ಯೂರೋಗೂ ಮೀರಿದ ದಂಡ ವಿಧಿಸಿತು. ಸರ್ವರುಗಳ ನಡುವಿನ ಮಾತುಕತೆಯ ವಿವರಗಳನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದೂ ಆದೇಶಿಸಿತು. ಮೈಕ್ರೋಸಾಫ್ಟ್ ಮೇಲ್ಮನವಿ ಸಲ್ಲಿಸಿತು. ಈ ನಡುವೆ ಸನ್ ಸಂಸ್ಥೆಯೂ ನೋವೆಲ್ ಸಂಸ್ಥೆಯೂ ಭಾರಿ ಮೊತ್ತ ಪಡೆದು 2004ರಲ್ಲೇ ರಾಜಿ ಮಾಡಿಕೊಂಡವು. ಆದರೆ ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಮತ್ತು ಸಾಂಬಾ ತಂಡ ಹಿಂದೆ ಸರಿಯಲಿಲ್ಲ. ಈ ವಿವರಗಳು ಏಕೆ ಬೇಕು ಎಂಬುದನ್ನು ನ್ಯಾಯಾಲಯಕ್ಕೆ ತಾಂತ್ರಿಕವಾಗಿ ಮನವರಿಕೆ ಮಾಡಿಕೊಟ್ಟವರಲ್ಲಿ ಈ ತಂಡದವರೂ ಇದ್ದರು. 2007ರ ಸೆಪ್ಟೆಂಬರ್ 17ರಂದು ಲಕ್ಸೆಂಬರ್ಗ್‌ನ ನ್ಯಾಯಾಲಯ ಆಯೋಗದ ಆದೇಶದ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್ 20ರಂದು ಒಪ್ಪಂದವಾಗಿ, 10,000 ಯೂರೋ ಶುಲ್ಕಕ್ಕೆ ಪ್ರೋಟೋಕಾಲ್ ದಾಖಲೆಗಳು ಸಾಂಬಾ ತಂಡದ ಕೈಸೇರಿದವು. ಅವುಗಳ ಆಧಾರದ ಮೇಲೆ ಬರೆದ ತಂತ್ರಾಂಶವನ್ನು ಎಂದಿನಂತೆ ಬಹಿರಂಗವಾಗಿ ಹಂಚಲು ಅಡ್ಡಿಯಿರಲಿಲ್ಲ.

2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4, ವಿಂಡೋಸ್‌ನ ‘ಆಕ್ಟಿವ್ ಡೈರೆಕ್ಟರಿ’ ಸರ್ವರಿನ ಸ್ಥಾನದಲ್ಲಿಯೇ ನಿಲ್ಲಬಲ್ಲದ್ದಾಗಿತ್ತು. ವಿಶೇಷವೆಂದರೆ ಅದರ ತಯಾರಿಯಲ್ಲಿ ಮೈಕ್ರೋಸಾಫ್ಟ್‌ನ ಎಂಜಿನಿಯರುಗಳೂ ಪರೀಕ್ಷೆಗೆ ನೆರವಾಗಿದ್ದರು. ಹಗೆತನದಿಂದ ಆರಂಭವಾದದ್ದು ಸಹಕಾರಕ್ಕೆ ತಿರುಗಿತು ಎಂದರೆ ತಪ್ಪಾಗಲಾರದು.

ನಮ್ಮ ಅಕ್ಷರಗಳ ಪಾಡು

ಇದರಲ್ಲಿ ಕನ್ನಡ, ಉರ್ದುಗಳ ಪಾಲೇನು? ಹಳೆಯ ವ್ಯವಸ್ಥೆಯಲ್ಲಿ ಫೈಲಿನ ಹೆಸರನ್ನು ‘ಕೋಡ್ ಪೇಜ್’ ಎಂಬ ಪಟ್ಟಿಯ ಅಕ್ಷರಗಳಿಂದಲೇ ಬರೆಯಬೇಕಿತ್ತು. ಯುರೋಪಿನ ಭಾಷೆಗಳಿಗೆ ಅಂತಹ ಪಟ್ಟಿಗಳು ಬಳಕೆಯಲ್ಲಿದ್ದವು. ಕನ್ನಡದ ಹೆಸರಿಗೆ ಅಲ್ಲಿ ಎಡೆಯಿರಲಿಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಅರಬ್ಬೀ ಲಿಪಿಗೂ ಸ್ಥಾನ ದೊರೆತಿತ್ತು. 2003ರ ಸೆಪ್ಟೆಂಬರ್‌ನಲ್ಲಿ ಬಂದ ಸಾಂಬಾ 3.0 ಯೂನಿಕೋಡನ್ನು ಅಳವಡಿಸಿಕೊಂಡಿತು. ಕನ್ನಡದಲ್ಲೋ ಉರ್ದುವಿನಲ್ಲೋ ಹೆಸರಿಟ್ಟ ಫೈಲು ಎರಡೂ ಬಗೆಯ ಯಂತ್ರಗಳಲ್ಲಿ ಅದೇ ಹೆಸರಿನಿಂದ ಕಾಣಿಸಿಕೊಳ್ಳಲು ದಾರಿಯಾಯಿತು. ನಮ್ಮ ಎರಡೂ ಲಿಪಿಗಳಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲದಿರುವುದರಿಂದ ಆ ತಕರಾರೂ ನಮಗಿಲ್ಲ!

ಆದರೂ ಒಂದು ಕೊರತೆ ಉಳಿಯಿತು. ಆ ವರ್ಷಗಳಲ್ಲಿ ನಮ್ಮ ಕನ್ನಡ ಬರಹಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿಯೂ, ಉರ್ದು ಬರಹಗಳು ಇನ್‌ಪೇಜ್‌ನಲ್ಲಿಯೂ ಇರುತ್ತಿದ್ದವು. ಫೈಲು ಲಿನಕ್ಸ್ ಯಂತ್ರವನ್ನು ತಲುಪುತ್ತಿತ್ತು. ತೆರೆದರೆ ಅಲ್ಲಿ ಆ ಫಾಂಟಾಗಲಿ ತಂತ್ರಾಂಶವಾಗಲಿ ಇಲ್ಲದೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಲಕೋಟೆ ಬಂದಿತು, ಪತ್ರ ಓದಲು ಬರಲಿಲ್ಲ ಎಂಬಂತೆ. ದುಭಾಷಿ ಲಕೋಟೆಯನ್ನು ಮುಟ್ಟಿಸಬಲ್ಲ. ಒಳಗಿನ ಬರಹವನ್ನು ಎಲ್ಲರಿಗೂ ತಿಳಿಯುವ ಸಂಕೇತದಲ್ಲಿ ಬರೆಯುವುದು ನಮ್ಮ ಹೊಣೆ. ನಮ್ಮ ಶಾಲೆಗಳ ಹಳೆಯ ವಾರ್ಷಿಕ ಸಂಚಿಕೆಗಳು, ಉರ್ದು ಪಾಠಗಳು, ಹಿರಿಯರ ಭಾಷಣಗಳು ಇಂತಹ ಫೈಲುಗಳಲ್ಲಿಯೇ ಉಳಿದಿದ್ದರೆ ಅವನ್ನು ಯೂನಿಕೋಡ್‌ಗೆ ಬದಲಿಸಿಡುವುದು ತುರ್ತಾಗಿ ಆಗಬೇಕಾದ ಕೆಲಸ. ಆ ಹಳೆಯ ಯಂತ್ರಗಳು ಕೆಟ್ಟ ದಿನ ಆ ಬರಹಗಳನ್ನು ಓದುವವರೇ ಇಲ್ಲವಾಗುತ್ತಾರೆ.

ತೆರೆದ ಬಾಗಿಲಿಗೂ ಕಾವಲು ಬೇಕು

ಹಂಚಿಕೊಳ್ಳುವುದೆಂದರೆ ಬಾಗಿಲನ್ನು ಹಾರುಹೊಡೆದು ಬಿಡುವುದಲ್ಲ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ವಿಂಡೋಸ್‌ನ ಹಳೆಯ ಎಸ್‌ಎಂಬಿ ಒಂದನೇ ಆವೃತ್ತಿಯ ಲೋಪದ ಮೂಲಕ ನುಗ್ಗಿ ಹಲವು ದೇಶಗಳ ಕಂಪ್ಯೂಟರುಗಳನ್ನು ಕೆಡಿಸಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಅದೇ ತಿಂಗಳು ಸಾಂಬಾದಲ್ಲಿಯೂ ಒಂದು ಗಂಭೀರ ಲೋಪ ಪತ್ತೆಯಾಗಿ ತಿದ್ದುಪಡಿ ಬಂದಿತು. ಆದ್ದರಿಂದ ಒಂದನೇ ಆವೃತ್ತಿಯನ್ನು ನಿಲ್ಲಿಸಿರುವುದು, ಕಾಲಕಾಲಕ್ಕೆ ಪರಿಷ್ಕರಿಸುವುದು, ಅಂಕಪಟ್ಟಿಯಂತಹ ಫೈಲುಗಳಿಗೆ ಗುಪ್ತಪದ ಇಡುವುದು ಅತ್ಯಗತ್ಯ.

ಪ್ರಿಯ ಓದುಗರೇ, ವಿಶೇಷವಾಗಿ ವಿದ್ಯಾರ್ಥಿ ಮಿತ್ರರೇ, ಈ ಚರಿತ್ರೆಯಲ್ಲಿ ನಮಗೆ ಪಾಠವಿದೆ. ಟ್ರಿಜೆಲ್ ಬಳಿ ದೊಡ್ಡ ಕಂಪನಿಯಾಗಲಿ ಬಂಡವಾಳವಾಗಲಿ ಇರಲಿಲ್ಲ. ಇದ್ದದ್ದು ತಾಳ್ಮೆ, ಕೇಳುವ ಕಿವಿ, ಕಲಿತದ್ದನ್ನು ಹಂಚುವ ಮನಸ್ಸು. ಇಲ್ಮ್ ಹಂಚಿದಷ್ಟೂ ಹೆಚ್ಚುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ದುಭಾಷಿಯ ಗುಣ ಹುಟ್ಟಿನಿಂದಲೇ ಬಂದಿದೆ. ಅದನ್ನು ಹೊರೆಯೆಂದು ತಿಳಿಯದೆ ಬಂಡವಾಳವೆಂದು ತಿಳಿಯಲಿ. ಮನುಷ್ಯರ ನಡುವೆಯಾಗಲಿ ಯಂತ್ರಗಳ ನಡುವೆಯಾಗಲಿ, ಮಾತು ನಿಂತಲ್ಲಿ ಅದನ್ನು ಮುಂದುವರಿಸಬಲ್ಲವರು ಎಂದಿಗೂ ಬೇಕಾಗುತ್ತಾರೆ.