ಕಡಲು ದಾಟಿ ಸುಳ್ಯಕ್ಕೆ ಬಂದವರು

'ಫೈರ್ ಅಟ್ ಸೀ' ಅನ್ನೋ ಸಾಕ್ಷ್ಯಚಿತ್ರವನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ನೋಡಿ. ಜಿಯಾನ್‌ಫ್ರಾಂಕೊ ರೋಸಿ ನಿರ್ದೇಶಿಸಿದ್ದು. 2016ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಪಡೆದ ಚಿತ್ರ. ಸಿಸಿಲಿ ಮತ್ತು ಆಫ್ರಿಕಾ ನಡುವೆ ಲ್ಯಾಂಪೆಡೂಸಾ ಅಂತ ಒಂದು ಪುಟ್ಟ ದ್ವೀಪ. ಯುದ್ಧ, ಹಸಿವು ತಾಳಲಾರದೆ ದೋಣಿ ಹತ್ತಿದ ಸಾವಿರಾರು ಜನ ಅಲ್ಲಿಗೆ ಬಂದು ಬೀಳ್ತಾರೆ. ಬರಲಾಗದವರು ನೀರುಪಾಲಾಗ್ತಾರೆ. ಅದೇ ದ್ವೀಪದಲ್ಲಿ ಸ್ಯಾಮುಯೆಲೆ ಎಂಬ ಹುಡುಗ ಇದ್ಯಾವುದೂ ಗೊತ್ತಿಲ್ಲದವನ ಹಾಗೆ ಕವಣೆ ಹಿಡಿದು ಓಡಾಡಿಕೊಂಡಿರ್ತಾನೆ. ಅವನ ಒಂದು ಕಣ್ಣು ಮಂದ. ಚೆನ್ನಾಗಿರೋ ಕಣ್ಣನ್ನು ಮುಚ್ಚಿ, ಮಂದವಾದ ಕಣ್ಣಿಗೆ ಕೆಲಸ ಕೊಡೋದೇ ಅದಕ್ಕೆ ಚಿಕಿತ್ಸೆ.

ನಮಗೂ ಬೇಕಾಗಿರೋದು ಅದೇ ಚಿಕಿತ್ಸೆ. ಯುರೋಪಿನ ದೋಣಿಗಳು ನಮಗೆ ಸ್ಪಷ್ಟವಾಗಿ ಕಾಣಿಸ್ತವೆ. ನಮ್ಮದೇ ಕರ್ನಾಟಕಕ್ಕೆ ಕಡಲು ದಾಟಿ ಬಂದವರು ಕಾಣಿಸೋದಿಲ್ಲ.

ನಂಜನಗೂಡು, ಟಿ. ನರಸೀಪುರದ ಕಡೆಯವರಿಗೆ ನೀರು ಅಂದರೆ ಕಪಿಲೆ, ನೀರು ಅಂದರೆ ಕಾವೇರಿ. ಕಡಲು ಬಹಳ ದೂರ. ಆದರೆ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿ ಗುಡಿಯಲ್ಲಿ ಒಂದು ಮಗುವಿಗಾಗಿ ಕೈಮುಗಿದು ನಿಲ್ಲುವ ದಂಪತಿಗಳನ್ನು ನೆನಪಿಸಿಕೊಳ್ಳಿ. ಹರಕೆ ಹೊತ್ತು ಪಡೆದ ಮಗುವನ್ನು ಎತ್ತಿಕೊಂಡು ಯಾರಾದರೂ ಸುಮ್ಮನೆ ಸಮುದ್ರಕ್ಕೆ ಇಳೀತಾರಾ? 2015ರ ಸೆಪ್ಟೆಂಬರ್ 2ರಂದು ಟರ್ಕಿಯ ದಡದಲ್ಲಿ ಮುಖ ಕೆಳಗಾಗಿ ಮಲಗಿದ್ದ ಅಲಾನ್ ಕುರ್ದಿ ಎಂಬ ಎರಡು ವರ್ಷದ ಸಿರಿಯನ್ ಕಂದನ ಚಿತ್ರ ನೋಡಿ ಜಗತ್ತೇ ಅತ್ತಿತು. ನೆಲದ ಮೇಲೆ ಬದುಕೋಕೆ ಆಗಲ್ಲ ಅಂತ ಖಾತ್ರಿಯಾದ ಮೇಲಷ್ಟೇ ತಾಯಿ ತಂದೆ ನೀರನ್ನು ನಂಬೋದು.

ಈಗ ನಮ್ಮ ಕಥೆಗೆ ಬರೋಣ. ಸಿಲೋನಿನ ಗುಡ್ಡಗಳಲ್ಲಿ ಬ್ರಿಟಿಷರು ಕಾಫಿ ಹಾಕಿದರು. 1869ರ ನಂತರ ಎಲೆ ರೋಗ ಬಂದು ಕಾಫಿ ಹಾಳಾಯ್ತು, ಜಾಗಕ್ಕೆ ಟೀ ಬಂತು. ಕೂಲಿಗೆ ಯಾರು? ತಮಿಳುನಾಡಿನ ಬರಗಾಲದ ಹಳ್ಳಿಗಳ ಬಡವರು. ಅವರನ್ನು ಸಿಲೋನಿಗೆ ಸಾಗಿಸುವ ಮೊದಲು ರಾಮೇಶ್ವರದ ಹತ್ತಿರದ ಮಂಡಪಂ ಶಿಬಿರದಲ್ಲಿ ಕೂಡಿಹಾಕಿ ರೋಗರುಜಿನ ನೋಡಿ ಕಳಿಸ್ತಿದ್ದರು. ಹೀಗೆ ಹೋದವರು ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿ, ಅಲ್ಲೇ ಮಣ್ಣಾದರು.

1948ರಲ್ಲಿ ಸಿಲೋನ್ ಸ್ವತಂತ್ರವಾಯ್ತು. ಅದೇ ವರ್ಷ ಬಂದ ಪೌರತ್ವ ಕಾಯ್ದೆ ಸುಮಾರು 7 ಲಕ್ಷ ತೋಟದ ಕಾರ್ಮಿಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಜಗತ್ತೆಲ್ಲ ಕುಡಿಯೋ ಟೀಗೆ ಎಲೆ ಕಿತ್ತವರಿಗೆ ಒಂದು ಓಟು ಇಲ್ಲ!

1964ರ ಅಕ್ಟೋಬರ್ 30. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಬಂದರು. ಒಟ್ಟು 9,75,000 ಜನ. ಅದರಲ್ಲಿ 5,25,000 ಜನರನ್ನು ಭಾರತ ತಗೊಳ್ಳಬೇಕು, 3,00,000 ಜನರನ್ನು ಸಿಲೋನ್ ಇಟ್ಟುಕೊಳ್ಳಬೇಕು. ಮಿಕ್ಕ ಒಂದೂವರೆ ಲಕ್ಷ? ಆಮೇಲೆ ನೋಡೋಣ ಅಂದರು. 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಅದನ್ನೂ 75,000 ನಿನಗೆ, 75,000 ನನಗೆ ಅಂತ ಹಂಚಿಕೊಂಡರು. ಅಣ್ಣತಮ್ಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ಎರಡು ಸರ್ಕಾರಗಳು ಮನುಷ್ಯರನ್ನು ಪಾಲು ಮಾಡಿಕೊಂಡವು.

ಒಪ್ಪಂದವಾಗಿ ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 22ರ ರಾತ್ರಿ ಚಂಡಮಾರುತ ಎದ್ದು ಧನುಷ್ಕೋಟಿಯನ್ನೇ ನುಂಗಿಹಾಕಿತು. ಸಿಲೋನಿಗೆ ಹೋಗೋ ಹಡಗು ಹೊರಡ್ತಿದ್ದದ್ದು ಅಲ್ಲಿಂದಲೇ. ಮುಂದೆ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು ಬಂತು. ಅದರಲ್ಲಿ ಟ್ರಂಕು, ಪಾತ್ರೆ, ಮಕ್ಕಳು, ಮುದುಕರ ಸಮೇತ ಲಕ್ಷಾಂತರ ಜನ ಬಂದಿಳಿದರು. ಇಳಿದ ಮೇಲೆ ಎಲ್ಲಿಗೆ? ಅದೇ ಮಂಡಪಂ ಶಿಬಿರಕ್ಕೆ. ಅಜ್ಜನನ್ನು ಆಚೆಗೆ ಕಳಿಸಿದ ಬಾಗಿಲಲ್ಲೇ ಮೊಮ್ಮಗ ಒಳಗೆ ಬಂದ. ಸರ್ಕಾರದ ಕಡತದಲ್ಲಿ ಇವರು ತಾಯ್ನಾಡಿಗೆ ಮರಳಿದವರು. ಆದರೆ ಎಷ್ಟೋ ಜನ ಆ ತಾಯ್ನಾಡನ್ನು ಕಣ್ಣಿಂದ ಕಂಡಿದ್ದು ಅವತ್ತೇ ಮೊದಲು.

ಅವರಲ್ಲಿ ಒಂದಷ್ಟು ಕುಟುಂಬಗಳು ನಮ್ಮ ಪಾಲಿಗೆ ಬಂದವು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಸರ್ಕಾರ ರಬ್ಬರ್ ತೋಟ ಎಬ್ಬಿಸಿತ್ತು. ಇವತ್ತಿಗೂ ಆ ತೋಟಗಳನ್ನು ನಡೆಸೋದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ. ರಬ್ಬರ್ ಕೆಲಸ ಅಂದರೆ ಸುಲಭ ಅಲ್ಲ. ಬಿಸಿಲೇರಿದರೆ ಹಾಲು ಇಳಿಯೋದು ಕಡಿಮೆ. ಹಾಗಾಗಿ ನಸುಕಿನಲ್ಲೇ ಎದ್ದು, ಮರದಿಂದ ಮರಕ್ಕೆ ನಡೆದು, ತೊಗಟೆಯನ್ನು ಹದವಾಗಿ ಕೆತ್ತಿ, ಒಸರಿದ ಹಾಲನ್ನು ಒಟ್ಟು ಮಾಡಬೇಕು. ಸ್ವಲ್ಪ ಆಳ ಹೋದರೆ ಮರ ಹಾಳು. ಅದನ್ನು ದಶಕಗಳ ಕಾಲ ಮಾಡಿದವರು ಈ ಜನ. ಅವರ ಮಕ್ಕಳು ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡ್ತಾ ಬೆಳೆದರು. ಆದರೂ ಸ್ವಂತ ಜಾಗಕ್ಕೆ, ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಅಲೆದಾಡಿದ್ದಾರೆ. ನಿಮ್ಮ ಮೂಲ ಯಾವುದು ಅಂದರೆ ಅವರೇನು ಹೇಳಬೇಕು? ಊರು ಬಿಟ್ಟಿದ್ದು ಅಜ್ಜನ ಅಜ್ಜ!

ಇಲ್ಲಿಗೇ ಮುಗಿಯಲಿಲ್ಲ. 1983ರ ಜುಲೈನಲ್ಲಿ ಶ್ರೀಲಂಕಾದಲ್ಲಿ ತಮಿಳರ ಮಾರಣಹೋಮ ನಡೀತು. 1984ರಲ್ಲಿ ಹಡಗು ನಿಂತಿತು. ಹಡಗು ನಿಂತಿತು, ದಾಟೋದು ನಿಲ್ಲಲಿಲ್ಲ. ಮೀನುಗಾರರ ದೋಣಿಗಳಲ್ಲಿ ರಾತ್ರೋರಾತ್ರಿ ಜನ ಬಂದರು. ಒಪ್ಪಂದದ ಲೆಕ್ಕದಲ್ಲಿ ಬಂದವರಿಗೆ ಪೌರತ್ವವಾದರೂ ಇತ್ತು. ಈ ದೋಣಿಯವರಿಗೆ ಅದೂ ಇಲ್ಲ. ತಮಿಳುನಾಡಿನ ಶಿಬಿರಗಳಲ್ಲೇ ಹುಟ್ಟಿದ ಮಕ್ಕಳು ದೊಡ್ಡವರಾದರು. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಎಂದಿತು. ಶ್ರೀಲಂಕಾ ಎನ್ನಲಿಲ್ಲ. ಆ ಕಾಯ್ದೆಯ ಪರ ಇರಿ, ವಿರೋಧ ಇರಿ, ಈ ಪ್ರಶ್ನೆಗೆ ಉತ್ತರ ಬೇಕಲ್ಲ?

ನಮ್ಮ ಸ್ಟುಡಿಯೋಗಳಲ್ಲಿ ನಿರಾಶ್ರಿತರ ಬಗ್ಗೆ ಚರ್ಚೆ ಅಂದರೆ ಎಷ್ಟು ಜನ ಬಂದರು ಅನ್ನೋದೇ ಮೊದಲ ಪ್ರಶ್ನೆ. ಅವರನ್ನು ಮೊದಲು ಹೊರಡಿಸಿದ್ದು ಯಾರು ಅಂತ ಕೇಳೋದಿಲ್ಲ. ಸುಳ್ಯದ ರಬ್ಬರ್ ತೋಟದ ಈ ಜನ ತಾವಾಗಿ ಗಡಿ ಹಾರಿ ಬಂದವರಲ್ಲ. ಒಂದು ಸಾಮ್ರಾಜ್ಯ ಒಯ್ದಿತು, ಒಂದು ದೇಶ ಹೊರಗೆ ಹಾಕಿತು, ಇನ್ನೊಂದು ದೇಶ ಸಹಿ ಹಾಕಿ ತಂದಿತು. ಹಾಗೆ ತಂದವರಿಗೆ ಒಂದು ಸೂರು, ಒಂದು ಸರ್ಟಿಫಿಕೇಟು ಕೊಡೋದು ದಯೆ ಅಲ್ಲ, 1964ರಲ್ಲೇ ಕೊಟ್ಟ ಮಾತು.