ಮರಾಠರ ನಾಡಿನ ಹೆಸರು ಹೊತ್ತ ಮರಕುಟಿಗ

ಸಂತೆಕಲ್ಲೂರು, ಮಸ್ಕಿ ಕಡೆಯಂಥ ಒಣನಾಡಿನ ಜಾಲಿಮರಗಳು ಹಳದಿನೆತ್ತಿಯ ಮರಕುಟಿಗಕ್ಕೆ ಒಪ್ಪುವ ನೆಲೆ. ಉದ್ದ ಸುಮಾರು 18 ಸೆಂ.ಮೀ. ಗಂಡಿನ ನೆತ್ತಿಯ ಹಿಂಭಾಗ ಕೆಂಪು. ಹೆಣ್ಣಿಗೆ ಆ ಕೆಂಪಿಲ್ಲ.

1801ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲೇಥಮ್ ಇದನ್ನು 'ಪೈಕಸ್ ಮಹ್ರಾಟೆನ್ಸಿಸ್' ಎಂದು ಹೆಸರಿಸಿದರು. 'ಮರಾಠರ ನಾಡಿನದು' ಎಂದರ್ಥ. 1854ರಲ್ಲಿ ಬೊನಾಪಾರ್ಟೆ 'ಲಿಯೋಪೈಕಸ್' ಕುಲವನ್ನು ರಚಿಸಿದರು. ಬಹುಕಾಲ ಡೆಂಡ್ರೊಕೋಪಸ್ ಕುಲದಲ್ಲಿದ್ದ ಹಕ್ಕಿ ಡಿಎನ್‌ಎ ಅಧ್ಯಯನಗಳ ನಂತರ ಮತ್ತೆ ಲಿಯೋಪೈಕಸ್ ಆಗಿದೆ. ಕುಲ ಬದಲಾದರೂ 'ಮಹ್ರಾಟೆನ್ಸಿಸ್' ಉಳಿದಿದೆ ಏಕೆ? ಮೊದಲು ಇಟ್ಟ ಪ್ರಭೇದನಾಮಕ್ಕೇ ಆದ್ಯತೆ ಎಂಬುದು ನಾಮಕರಣದ ನಿಯಮ.

ಈ ಹಕ್ಕಿ ಗೂಡು ಕೊರೆಯುವುದು ಹೆಚ್ಚಾಗಿ ಒಣಕೊಂಬೆಯಲ್ಲಿ. ಸೌದೆಗೆಂದು ಅವನ್ನೆಲ್ಲ ಕಡಿದರೆ ಇದಕ್ಕೆ ಗೂಡಿಲ್ಲ. ಬಿಟ್ಟ ಪೊಟರೆಯಲ್ಲಿ ಮರಿಮಾಡುವ ಇತರ ಹಕ್ಕಿಗಳಿಗೂ ಇಲ್ಲ. ನಿಮ್ಮ ಶಾಲೆಯ ಬಳಿ ಒಂದಾದರೂ ಒಣಮರವನ್ನು ಉಳಿಸಿ, ಯಾವ ಹಕ್ಕಿಗಳು ಬರುತ್ತವೆಂದು ಗಮನಿಸಿ, ದಿನಾಂಕದೊಡನೆ ಬರೆದಿಡಿ.