ದಾಂಡೇಲಿ ಸೀಮೆಯ ಸಾಹಸ ವಿಹಾರ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡು, ಗುಡ್ಡ, ಹೊಳೆಗಳಲ್ಲಿ ಬೆಳೆದುಬಂದ ರ‍್ಯಾಫ್ಟಿಂಗ್, ಚಾರಣ, ಸಫಾರಿ, ಪಕ್ಷಿವೀಕ್ಷಣೆಗಳ ಇತಿಹಾಸ. ಇದರ ಜೀವನಾಡಿ ಕಾಳಿ ನದಿ. ಜೋಯಿಡಾದ ಡಿಗ್ಗಿ ಬಳಿ ಹುಟ್ಟಿ, 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುವ ಈ ನದಿಯ ಮೇಲ್ಭಾಗ ಇಂದು ‘ಅಪ್ಪಟ ಪ್ರಕೃತಿ’ ಎಂದು ಜಾಹೀರಾತುಗಳಲ್ಲಿ ಮೆರೆಯುತ್ತದೆ. ಆದರೆ ಇಲ್ಲಿನ ವಿಹಾರದ ಬಹುಪಾಲು ಸೌಕರ್ಯಗಳು ಮರ, ಬೇಟೆ, ವಿದ್ಯುತ್ತಿಗಾಗಿ ಸರ್ಕಾರ ಮಾಡಿಟ್ಟ ಏರ್ಪಾಡುಗಳ ಬೆನ್ನಿಗೆ ಬಂದವು.

ವಿಹಾರಕ್ಕೆಂದು ಯಾರೂ ಬರದ ಕಾಲದಲ್ಲೂ ಈ ಕಾಡನ್ನು ಜನ ದಾಟುತ್ತಿದ್ದರು. ಕಲ್ಯಾಣದ ಕ್ರಾಂತಿಯ ನಂತರ ಚನ್ನಬಸವಣ್ಣ ಬಂದು ನೆಲೆಸಿ ಐಕ್ಯನಾದ ಉಳವಿ ಜೋಯಿಡಾ ತಾಲ್ಲೂಕಿನಲ್ಲಿದೆ. ಅಲ್ಲಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಸಿಂಗರಿಸಿದ ಎತ್ತು ಹೂಡಿದ ಚಕ್ಕಡಿಗಳಲ್ಲಿ ಬುತ್ತಿ ಕಟ್ಟಿಕೊಂಡು, ದಾರಿಯಲ್ಲಿ ಬೀಡುಬಿಡುತ್ತ ಇಂದಿಗೂ ಬರುತ್ತಾರೆ. ಇದೇ ಕಾಡಿನ ಕವಳಾ ಗುಹೆಯೊಳಗೆ ಸುಣ್ಣದ ನೀರು ತೊಟ್ಟಿಕ್ಕಿ ಮೂಡಿದ ಲಿಂಗಕ್ಕೆ ಶಿವರಾತ್ರಿಯಂದು ಪೂಜೆ ನಡೆಯುತ್ತದೆ. ಈ ಸೀಮೆಯ ಚಾರಣದ ಚರಿತ್ರೆಯನ್ನು ಇಲ್ಲಿಂದಲೇ ಹಿಡಿಯುವುದು ನ್ಯಾಯ.

1862ರಲ್ಲಿ ಉತ್ತರ ಕನ್ನಡವು ಮದ್ರಾಸ್‌ನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಸಾಗುವಾನಿಗಾಗಿ ಬಂದ ಅರಣ್ಯಾಧಿಕಾರಿಗಳಿಗೆ ಶಿಕಾರಿಯೇ ಮನರಂಜನೆ. ಎಲ್ಲರೂ ಬಂದೂಕು ಹಿಡಿದವರೇನಲ್ಲ. ಜೆ. ಡೇವಿಡ್ಸನ್, ಟಿ.ಆರ್. ಬೆಲ್, ಇ.ಎಚ್. ಏಟ್ಕನ್ ಎಂಬ ಮೂವರು ಸರ್ಕಾರಿ ನೌಕರರು ಬಿಡುವಿನಲ್ಲಿ ಚಿಟ್ಟೆಗಳ ಬೆನ್ನುಹತ್ತಿ, ಈ ಜಿಲ್ಲೆಯ ಚಿಟ್ಟೆಗಳ ಕುರಿತು 1896ರಿಂದ ಮುಂಬೈ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಇಂದು ಕ್ಯಾಮೆರಾ ಹೊತ್ತು ಬರುವವರ ಹಿರಿಯರು ಇವರೇ.

1956ರಲ್ಲಿ ದಾಂಡೇಲಿ ವನ್ಯಧಾಮ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಆದವು. ನಡುವೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಬಾಗಿಲು ಮುಚ್ಚಿತು. ವನ್ಯಧಾಮ, ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ‘ಕಾಳಿ’ ಎಂಬ ಹೆಸರು ಪಡೆದವು. ಸಫಾರಿ ಜೀಪಿನಲ್ಲಿ ಕೂತವರೆಲ್ಲ ಕರಿಚಿರತೆಯನ್ನೇ ಕೇಳುತ್ತಾರೆ. ಹೆಚ್ಚಿನವರು ಕಾಟಿ, ಜಿಂಕೆ ನೋಡಿಕೊಂಡು ಮರಳುತ್ತಾರೆ.

ಕಾಳಿಯ ಆಟವನ್ನು ಸಾಧ್ಯವಾಗಿಸಿದ್ದು ಅಣೆಕಟ್ಟು. ಗಣೇಶಗುಡಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ನೀರು ತುಂಬಿಕೊಂಡಾಗ, ಕಾಳಿ ಮತ್ತು ಪಾಂಡರಿ ಹೊಳೆಗಳ ಸಂಗಮದಲ್ಲಿದ್ದ ಸೂಪಾ ಪೇಟೆ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ನಿರಾಶ್ರಿತರಲ್ಲಿ ಹಲವರು ರಾಮನಗರಕ್ಕೆ ಹೋದರು. ಅಣೆಕಟ್ಟಿನ ಬುಡದಲ್ಲಿ 50 ಮೆಗಾವಾಟ್‌ನ ಎರಡು ಘಟಕಗಳಿವೆ. ಇವು ತಿರುಗಿದಾಗ ಹೊರಬೀಳುವ ನೀರೇ ದಾಂಡೇಲಿ ದಿಕ್ಕಿಗೆ ಧುಮುಕುತ್ತದೆ. ಮಲೆನಾಡಿನ ಉಳಿದ ಹೊಳೆಗಳು ಬೇಸಿಗೆಯಲ್ಲಿ ಬಂಡೆ ತೋರಿಸುವಾಗ ಕಾಳಿಯಲ್ಲಿ ತೆಪ್ಪ ಕುಣಿಯುವುದಕ್ಕೆ ಇದೇ ಕಾರಣ. ರಿಷಿಕೇಶದ ಗಂಗೆಯಲ್ಲಿ ಹಿಮ ಕರಗಿದ ನೀರು ಮಾಡುವ ಕೆಲಸವನ್ನು ಇಲ್ಲಿ ಟರ್ಬೈನು ಮಾಡುತ್ತದೆ. ಹೀಗಾಗಿ ಅಕ್ಟೋಬರ್‌ನಿಂದ ಮೇವರೆಗಿನ ಹಂಗಾಮಿನಲ್ಲಿ ದಡದಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ನೀರು ಬಿಟ್ಟಿದ್ದಾರಾ?’ ರಾಜ್ಯಕ್ಕೆ ಕರೆಂಟು ಬೇಡವಾದ ಹೊತ್ತಿನಲ್ಲಿ ರ‍್ಯಾಫ್ಟಿಂಗೂ ಇಲ್ಲ.

ರಬ್ಬರ್ ತೆಪ್ಪದ ಅಂಚಿನಲ್ಲಿ ಇಕ್ಕೆಲಕ್ಕೂ ಕೂತವರು ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದು, ಒಂದು ಪಾದವನ್ನು ಅಡ್ಡ ಕೊಳವೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಾರೆ. ಹಿಂದೆ ಕೂತ ಗೈಡ್ ‘ಫಾರ್ವರ್ಡ್’ ಎಂದಾಗ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಬೇಕು. ಒಬ್ಬ ತಡಮಾಡಿದರೂ ತೆಪ್ಪ ಅಡ್ಡ ತಿರುಗುತ್ತದೆ. ಇಲ್ಲಿನ ಇಳಿತಗಳು ಹೆಚ್ಚಾಗಿ ಎರಡು, ಮೂರನೆಯ ದರ್ಜೆಯವು. ಇನ್ನೂ ಕೆಳಗೆ, ದಾಂಡೇಲಿ ಪಟ್ಟಣದ ಬಳಿ ನೀರು ಶಾಂತ, ಆದರೆ ಅಲ್ಲಿ ಮೊಸಳೆಗಳಿವೆ. ರಭಸದ ನೀರಿಗಿಂತ ಈ ಶಾಂತ ನೀರಿಗೇ ಹೆಚ್ಚು ಅಂಜಬೇಕು.

ಅಣೆಕಟ್ಟಿನ ಕಾಮಗಾರಿಗೆ ಬೇಕಾದ ಸಿಡಿಮದ್ದು ಇಡಲು ಗಣೇಶಗುಡಿಯ ಕಾಡಿನಲ್ಲಿ ಒಂದು ಮದ್ದಿನ ಮನೆ ಕಟ್ಟಿದ್ದರು. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅದನ್ನೇ ‘ಓಲ್ಡ್ ಮ್ಯಾಗಜಿನ್ ಹೌಸ್’ ಎಂಬ ಪಕ್ಷಿವೀಕ್ಷಕರ ತಂಗುದಾಣ ಮಾಡಿತು. ಅಂಗಳದ ಪುಟ್ಟ ನೀರಿನ ತೊಟ್ಟಿಗಳಿಗೆ ಹಕ್ಕಿಗಳು ಮೀಯಲು ಬರುತ್ತವೆ, ಎದುರಿಗೆ ಕ್ಯಾಮೆರಾಗಳು ಸಾಲುಗಟ್ಟುತ್ತವೆ. ನಾಲ್ಕು ಬಗೆಯ ಮಂಗಟ್ಟೆಗಳಿರುವ ಈ ನದಿಪಾತ್ರದ ಕಾಡನ್ನು 2011ರಲ್ಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು.

ಗೋವಾ ಗಡಿಯ ಕ್ಯಾಸಲ್‌ರಾಕ್‌ನಿಂದ ರೈಲು ಹಳಿಯುದ್ದಕ್ಕೂ ನಡೆದು ದೂಧಸಾಗರ ಜಲಪಾತ ತಲುಪುವ ಹಾದಿ ಬೆಂಗಳೂರು, ಹುಬ್ಬಳ್ಳಿಯ ಹುಡುಗರಿಗೆ ಬಲು ಅಚ್ಚುಮೆಚ್ಚಾಗಿತ್ತು. ಹಳಿಯ ಮೇಲೆ ನಡೆಯುವುದನ್ನು ರೈಲ್ವೆ ನಿಷೇಧಿಸಿತು. ಅದೇ ಕಾಡಿನ ಕುವೇಶಿಯಲ್ಲಿ ಅರಣ್ಯ ಇಲಾಖೆ ಮರದ ನೆತ್ತಿಯ ಎತ್ತರದಲ್ಲಿ ತೂಗುಹಾದಿ ಕಟ್ಟಿದೆ. ಜೋಯಿಡಾದ ಹೋಮ್‌ಸ್ಟೇಗಳು ಇತ್ತೀಚಿನವು. ಕುಣಬಿ ಸಮುದಾಯದ ಗೆಡ್ಡೆ-ಗೆಣಸು ಮೇಳ ಅಲ್ಲಿನ ಊಟಕ್ಕೂ ಹೆಸರು ತಂದಿದೆ.

ಪೂರ್ವದ ಬಯಲಿಗೆ ಇಳಿದಂತೆ ಸಾಹಸ ತೆಳುವಾಗುತ್ತದೆ. ಹಳಿಯಾಳ ಹೆಚ್ಚಾಗಿ ದಾರಿಯೂರು, ಅದರ ಹೆಮ್ಮೆ ಕುಸ್ತಿ. ಮುಂಡಗೋಡದಲ್ಲಿ ಅತ್ತಿವೇರಿ ಪಕ್ಷಿಧಾಮ ಮತ್ತು 1966ರಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರಗಳಿವೆ. ಶಿಬಿರಗಳಲ್ಲಿ ಉಳಿಯಲು ವಿದೇಶಿಯರಿಗೆ ಪರವಾನಗಿ ಬೇಕು.

2022ರ ಏಪ್ರಿಲ್‌ನಲ್ಲಿ ಮಿತಿಗಿಂತ ಹೆಚ್ಚು ಜನರನ್ನು ಹೇರಿಕೊಂಡ ತೆಪ್ಪವೊಂದು ಗಣೇಶಗುಡಿ ಬಳಿ ಸೆಳವಿಗೆ ಸಿಕ್ಕಿತು. ಅದರ ವಿಡಿಯೊ ಎಲ್ಲೆಡೆ ಹರಡಿ, ಜಿಲ್ಲಾಡಳಿತ ಜಲಸಾಹಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ರಜಾದಿನಗಳ ನೂಕುನುಗ್ಗಲಲ್ಲಿ ಹತ್ತು ನಿಮಿಷದ ಸವಾರಿ ಮಾರುವ ಆತುರವೇ ಇಂಥ ಅವಘಡಗಳ ಮೂಲ. ಒಂಬತ್ತು ಕಿ.ಮೀ. ಉದ್ದದ ಹಳೆಯ ಪಯಣಕ್ಕೆ ತರಬೇತಾದ ಗೈಡ್, ಜೊತೆಗೊಂದು ರಕ್ಷಣಾ ಕಯಾಕ್, ಅರ್ಧ ದಿನದ ಪುರುಸೊತ್ತು ಬೇಕು. ಕಿರು ಸವಾರಿಯಲ್ಲಿ ಮೊದಲು ಕಡಿತವಾಗುವುದು ಇವೇ. ಅಂದು ನಿಂತಿದ್ದ ರ‍್ಯಾಫ್ಟಿಂಗ್ ಮುಂದೆ ಷರತ್ತುಗಳೊಂದಿಗೆ ಮತ್ತೆ ಆರಂಭವಾಯಿತು.